ಕೆಂಪು ಅರಗಿನ ಗುರುತು

ಚಾಚಾನ ಬಲಗಿವಿಯ ಕೆಳಗೆ, ದವಡೆ ಮೂಳೆಯ ಮೇಲೆ, ಹಳೆಯ ನಾಲ್ಕಾಣೆಯಷ್ಟಗಲದ ಒಂದು ಬೋಳು ಜಾಗವಿತ್ತು. ಸುತ್ತಲೂ ಬಿಳಿ ಗಡ್ಡ, ಅಲ್ಲಿ ಮಾತ್ರ ಕೂದಲು ಹುಟ್ಟದೆ ಚರ್ಮ ಕಪ್ಪಾಗಿ ಜಡ್ಡುಗಟ್ಟಿತ್ತು. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಅದರ ಹಿಡಿಯನ್ನು ಆ ಜಾಗಕ್ಕೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಆ ಹೊತ್ತಿನಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಹಿಡಿ ಮರದ್ದು. ಅವರೇ ಕಡೆದದ್ದು. ವಯಸ್ಸಿನಲ್ಲಿ ಬೊಂಬೆ ಕಾರ್ಖಾನೆಯಲ್ಲಿ ದುಡಿದವರಲ್ಲವೇ, ಚನ್ನಪಟ್ಟಣದ ಬೊಂಬೆಗೆ ಹಚ್ಚುವ ಅರಗಿನ ಬಣ್ಣವನ್ನೇ ಅದಕ್ಕೂ ಹಚ್ಚಿದ್ದರು. ಅರ್ಧ ಕೆಂಪು, ಅರ್ಧ ಹಳದಿ. ಗ್ರೀಸು ಮೆತ್ತಿದ ಆ ಶೆಡ್ಡಿನಲ್ಲಿ ಕಣ್ಣಿಗೆ ಚೆಂದ ಕಾಣುತ್ತಿದ್ದ ವಸ್ತು ಅದೊಂದೇ.

ಊರಿಗೆಲ್ಲ ಅವರು ಚಾಚಾ. ಅವರ ಕೇರಿಯವರಿಗೂ ಚಾಚಾ, ನಮ್ಮ ಕೇರಿಯವರಿಗೂ ಚಾಚಾ. ಬೊಂಬೆ ಕೆಲಸದವರ ಬೀದಿಯ ಹಿಂದೆ, ಒಂದು ಹುಣಸೆ ಮರಕ್ಕೆ ಒರಗಿಕೊಂಡಂತೆ ಅವರ ಗ್ಯಾರೇಜು. ಬೋರ್ಡು ಗೀರ್ಡು ಏನೂ ಇಲ್ಲ. ಮನುಷ್ಯನಿಗೆ ಬಡಾಯಿ ಬಹಳ. “ಈ ತಾಲೂಕ್ನಾಗೆ ನನ್ ಕಿವಿಗೆ ಗುಟ್ಟು ಹೇಳ್ದೆ ಇರೋ ಗಾಡೀನೇ ಇಲ್ಲ ಕಣ್ಲಾ” ಎಂದು ಬಂದವರಿಗೆಲ್ಲ ಹೇಳುವರು. ಯಾರಾದರೂ “ಒಸಿ ಬೇಗ ಮಾಡ್ಕೊಡು ಚಾಚಾ” ಎಂದರೆ ಮುಗಿಯಿತು. ಸ್ಪಾನರು ಕೆಳಗಿಟ್ಟು, ಕೈ ಒರೆಸಿಕೊಂಡು, ಟೀ ಅಂಗಡಿಗೆ ಹೊರಟುಬಿಡುವರು. ಬೇಗ ಅನ್ನುವ ಮಾತು ಅವರಿಗೆ ಬೈಗುಳಕ್ಕಿಂತ ಕಡೆ.

ನನ್ನನ್ನು ಕಂಡರೆ ಒಂದೇ ಪ್ರಶ್ನೆ. “ಏನ್ ತಾಯಿ ಇವತ್ತು, ಯಾವ ಸಾರು?” ಹಿತಕಿದ ಅವರೆಬೇಳೆ ಸಾರು ಎಂದರೆ ಅವರಿಗೆ ಪ್ರಾಣ. ಮಾಗಡಿ ಕಡೆಯ ಅವರೆಕಾಯಿ ಬರುವ ಕಾಲದಲ್ಲಿ ನಮ್ಮ ಯಜಮಾನರ ಕೈಯಲ್ಲಿ ಒಂದು ಡಬ್ಬಿ ಕಳಿಸುತ್ತಿದ್ದೆ. ಡಬ್ಬಿ ತೊಳೆದು, ಒಳಗೆ ಒಂದು ಹಿಡಿ ಸಕ್ಕರೆಯನ್ನೋ ಎರಡು ಬಾಳೆಹಣ್ಣನ್ನೋ ಇಟ್ಟು ವಾಪಸು ಕಳಿಸುವರು. ಬರಿಯ ಡಬ್ಬಿ ಒಂದು ದಿನವೂ ಬಂದದ್ದಿಲ್ಲ.

ನಮ್ಮದು ಜನರೇಟರ್ ಬಾಡಿಗೆಗೆ ಕೊಡುವ ಕಸುಬು. ಮದುವೆ, ಗೃಹಪ್ರವೇಶ, ದೇವಸ್ಥಾನದ ಅಭಿಷೇಕ, ಎಲ್ಲೇ ಕರೆಂಟು ಹೋಗಬಾರದೋ ಅಲ್ಲಿಗೆ ನಮ್ಮ ಯಜಮಾನರು ಹೋಗಬೇಕು. ಮೊದಲು ಸಣ್ಣ ಜನರೇಟರ್ ಇತ್ತು, ಪಿಕಪ್ ಗಾಡಿಯ ಮೇಲೇ ಕೂರುತ್ತಿತ್ತು. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ದೊಡ್ಡದು ತಂದರು. ಅದು ಗಾಡಿಯ ಮೇಲೆ ಹತ್ತುವ ಗಾತ್ರವಲ್ಲ. ಎರಡು ಚಕ್ರದ ಟ್ರೈಲರಿನ ಮೇಲೆ ಕೂರಿಸಿ, ಪಿಕಪ್ಪಿನ ಹಿಂದಕ್ಕೆ ಕೊಂಡಿ ಹಾಕಿ ಎಳೆದುಕೊಂಡು ಹೋಗಬೇಕು. ಸೋಮವಾರದ ದಿನ ಅದಕ್ಕೆ ವಿಭೂತಿ ಹಚ್ಚಿ, ಹೂವಿಟ್ಟು, ಕೈಮುಗಿದು ಕಳಿಸಿದೆ.

ನಡುಕ ಶುರುವಾದದ್ದು ಆಗಲೇ. ಟ್ರೈಲರ್ ಕಟ್ಟಿ ಸ್ವಲ್ಪ ವೇಗಕ್ಕೆ ಬಂದರೆ ಸಾಕು, ಗಾಡಿಯೆಲ್ಲ ಗಡಗಡ ನಡುಗುವುದು. ಸೀಟಿನ ಕೆಳಗಿನಿಂದ ಎದ್ದು ಬೆನ್ನುಮೂಳೆಗೆ ಹತ್ತಿ ಹಲ್ಲಿಗೆ ಬರುತ್ತದೆ ಎನ್ನುತ್ತಿದ್ದರು ಯಜಮಾನರು. ಟ್ರೈಲರ್ ಬಿಚ್ಚಿದರೆ ಏನೂ ಇಲ್ಲ, ನೀರಿನ ಮೇಲೆ ಎಲೆ ತೇಲಿದ ಹಾಗೆ ಹೋಗುತ್ತದೆ. ದೊಡ್ಡ ವರ್ಕ್‌ಶಾಪಿನವರು ಗಾಡಿ ಓಡಿಸಿ ನೋಡಿ, ಗಾಡಿ ಚೆನ್ನಾಗಿದೆ, ದೋಷ ಟ್ರೈಲರಿನದು ಎಂದರು. ಟ್ರೈಲರ್ ಮಾಡಿಕೊಟ್ಟ ವೆಲ್ಡಿಂಗಿನವನು, ಟ್ರೈಲರಿನಲ್ಲಿ ನಡುಗುವುದಕ್ಕೆ ಏನಿದೆ, ದೋಷ ಗಾಡಿಯದು ಎಂದ. ಬೀಗರ ಜಗಳದಲ್ಲಿ ಸಿಕ್ಕಿಕೊಂಡವರ ಹಾಗೆ ಯಜಮಾನರು ನಡುವೆ ನಿಂತರು. ಕಾರ್ಯಗಳಿಗೆ ಮೊದಲೇ ಒಪ್ಪಿಕೊಂಡಾಗಿತ್ತು. ನಡುಗಿಕೊಂಡೇ ಹೋಗಬೇಕು, ನಡುಗಿಕೊಂಡೇ ಬರಬೇಕು.

ಆ ದಿನಗಳಲ್ಲಿ ನಾನು ಬಹಳ ದಣಿದಿದ್ದೆ. ಇಂಥದ್ದೇ ಎಂದು ಹೇಳಲು ಕಾರಣವಿಲ್ಲ. ಮೊಣಕಾಲು ನೋವು, ಮುಗಿಯದ ಮನೆಗೆಲಸ, ಎಲ್ಲರ ಮನೆಯಲ್ಲೂ ಇರುವಂಥದ್ದೇ. ಆದರೆ ಇಡೀ ದಿನ ಒಂದು ಗಾಡಿಯ ಸದ್ದಿಗೆ ಕಿವಿಗೊಟ್ಟು ಕೆಲಸ ಮಾಡುವುದಿದೆಯಲ್ಲ, ಅದು ಮೈಯ ಸತ್ವವನ್ನೇ ಹೀರಿಬಿಡುತ್ತದೆ. ಮಾಗಡಿ ರಸ್ತೆಯ ಇಳಿಜಾರು ನೆನಪಾದರೆ ಒಗ್ಗರಣೆ ಸೀದುಹೋಗುತ್ತಿತ್ತು. ನನಗೆ ಮೊದಲಿನಿಂದ ಒಂದು ಅಭ್ಯಾಸ, ದೇವರ ಮುಂದೆ ಕೂತು ಅಂದಂದಿನ ಉಪಕಾರ ಅಂದಂದೇ ಒಪ್ಪಿಸಿಬಿಡುವುದು. ಇವತ್ತು ನಲ್ಲಿಯಲ್ಲಿ ನೀರು ಬಂತು, ಶಿವಾ ನಿನ್ನ ದಯೆ. ಹಾಲು ಒಡೆಯಲಿಲ್ಲ, ನಿನ್ನ ದಯೆ. ಮನುಷ್ಯ ಮನೆಗೆ ಬಂದ, ನಿನ್ನ ದಯೆ. ಆ ಕಾಲದಲ್ಲಿ ಮೊದಲಿನವೆಲ್ಲ ಬಿಟ್ಟುಹೋಗಿ ಕೊನೆಯದೊಂದೇ ಉಳಿದಿತ್ತು.

ಮನೆಗೆ ಬಂದ ಮನುಷ್ಯನಿಗೆ ಲೋಟದಲ್ಲಿ ನೀರು ಕೊಟ್ಟರೆ ಅದು ತುಳುಕುತ್ತಿತ್ತು. ಗಾಡಿ ನಿಂತು ಎಷ್ಟೋ ಹೊತ್ತಾದರೂ ಅವರ ಕೈಯ ನಡುಕ ನಿಲ್ಲುತ್ತಿರಲಿಲ್ಲ. ಅಂಗಿಯ ಮೇಲೆ ಚೆಲ್ಲಿಕೊಂಡು, ನಾನು ನೋಡಿದೆನೋ ಇಲ್ಲವೋ ಎಂದು ಕಣ್ಣೆತ್ತುವರು. ನಾನು ಒಲೆಯ ಕಡೆ ತಿರುಗಿಕೊಳ್ಳುತ್ತಿದ್ದೆ.

ಕೊನೆಗೆ ಗಾಡಿ, ಟ್ರೈಲರ್ ಎರಡೂ ಚಾಚಾನ ಶೆಡ್ಡಿಗೆ ಹೋದವು. ಅವರ ಪದ್ಧತಿಯೇ ಬೇರೆ. ಒಂದು ಸಲಕ್ಕೆ ಒಂದೇ ಕೆಲಸ. ಮೊದಲು ಮುಂದಿನ ಟೈರು ಹಿಂದಕ್ಕೆ, ಹಿಂದಿನದು ಮುಂದಕ್ಕೆ. ಓಡಿಸಿ ನೋಡು. ನಡುಗಿತು. ಆಮೇಲೆ ಟ್ರೈಲರಿನ ಚಕ್ರದ ಬೇರಿಂಗು. ಓಡಿಸಿ ನೋಡು. ನಡುಗಿತು. ಕೊಂಡಿಯ ಪಿನ್ನು ಸಡಿಲವಿದೆ ಎಂದು ವಾಷರ್ ಕೂರಿಸಿದರು. ಆಗಲೂ ನಡುಗಿತು. ಒಂದು ದಿನ ಊಟದ ಡಬ್ಬಿ ಹಿಡಿದು ನಾನೇ ಹೋದಾಗ ಇಬ್ಬರೂ ಜಗಳದಲ್ಲಿದ್ದರು.

“ಎಲ್ಲಾ ಒಟ್ಟಿಗೆ ಬಿಚ್ಚಿ ನೋಡು ಚಾಚಾ!”

“ಎಲ್ಲಾ ಬಿಚ್ಚಿದ್ರೆ ಕಳ್ಳ ಯಾವನು ಅಂತ ಹೆಂಗ್ಲಾ ಗೊತ್ತಾಯ್ತದೆ? ಒಬ್ಬೊಬ್ಬನ್ನೇ ಕೂರ್ಸಿ ಕೇಳ್ಬೇಕು.”

“ನೀನು ಕಳ್ಳನ್ನ ಹಿಡಿಯೋ ಹೊತ್ಗೆ ಮದ್ವೆ ಸೀಸನ್ನೇ ಮುಗ್ದೋಯ್ತದೆ.”

“ಮದ್ವೆ ಆಗೋರು ಕರೆಂಟ್ ಇಲ್ದಿದ್ರೂ ಆಯ್ತಾರೆ ಹೋಗ್ಲಾ.”

ಪಕ್ಕದಲ್ಲಿ ಕಾಯುತ್ತಿದ್ದ ಟೆಂಪೋದವನು ನಕ್ಕ. ಯಜಮಾನರಿಗೆ ನಗು ಬರಲಿಲ್ಲ. “ನಿಂಗೆ ವಯಸ್ಸಾಯ್ತು ಚಾಚಾ. ಗಾಡಿ ಒಂದು ಹೇಳಿದ್ರೆ ನೀನೊಂದು ಕೇಳಿಸ್ಕಂತೀಯ” ಎಂದುಬಿಟ್ಟರು.

ಚಾಚಾ ಸ್ಕ್ರೂಡ್ರೈವರಿನ ಹಿಡಿಯ ಮೇಲಿನ ಗ್ರೀಸನ್ನು ಬಟ್ಟೆಯಿಂದ ಒರೆಸುತ್ತ ಕೂತರು.

ಮುಂದಿನ ಸೋಮವಾರ ಪೂಜೆ ಮುಗಿಸಿ ಹೊಸ್ತಿಲಿಗೆ ಬರುತ್ತೇನೆ, ಜಗಲಿಯ ಹತ್ತಿರ ಚಾಚಾ ನಿಂತಿದ್ದಾರೆ.

“ಯಜಮಾನ್ರು ಇಲ್ಲ ಚಾಚಾ, ದೊಡ್ಡಮಳೂರಿಗೆ ಹೋದ್ರು.”

“ಗೊತ್ತು. ಅದ್ಕೇ ಬಂದೆ.”

ಜಗಲಿಯ ಮೇಲೆ ಕೂತರು. ನೀರು ಕೇಳಿ ಕುಡಿದರು. ಆಮೇಲೆ ಬೀದಿಯ ಆ ತುದಿ ಈ ತುದಿ ನೋಡಿ, ಮೆಲ್ಲಗೆ ಹೇಳುತ್ತಿದ್ದೇನೆ ಎಂದುಕೊಂಡು ಗಟ್ಟಿಯಾಗಿಯೇ ಹೇಳಿದರು: “ನನ್ ಬಲಗಿವಿ ಹೋಗ್ಬುಟ್ಟೈತೆ ತಾಯಿ. ಎಡಗಡೇದು ಅರ್ಧ ಐತೆ. ಮೂಳೇಲಿ ಒಸಿ ಕೇಳ್ತದೆ, ಅಷ್ಟೇಯ. ನಿನ್ ಗಂಡ ಸುಮ್ನೆ ಅಂದ, ಆದ್ರೆ ನಿಜವೇ ಅಂದ. ಯಾರ್ಗೂ ಹೇಳ್ಬೇಡ. ಕಿವುಡ ಮೆಕ್ಯಾನಿಕ್ಕು ಅಂತ ಗೊತ್ತಾದ್ರೆ ಸೈಕಲ್ನೂ ತರಕಿಲ್ಲ ಯಾರೂ.”

ಹೇಳುವುದಿಲ್ಲ ಎಂದು ತಲೆಯಾಡಿಸಿದೆ.

“ನಾಳೆ ನೀನು ಗಾಡೀಲಿ ಕೂರ್ಬೇಕು. ನಡುಕ ಯಾವಾಗ ಬತ್ತದೆ, ಯಾವಾಗ ಹೋಯ್ತದೆ, ಅಷ್ಟು ನೋಡ್ಬೇಕು.”

“ಅಯ್ಯೋ, ಗಾಡಿ ವಿಷ್ಯ ನಂಗೇನ್ ಗೊತ್ತು ಚಾಚಾ?”

“ಗೊತ್ತಿಲ್ದೋರೇ ಬೇಕು. ಗೊತ್ತಿರೋನು ಗಾಡಿ ನೋಡಕಿಲ್ಲ, ಅವ್ನ ಅನುಮಾನ ನೋಡ್ತಾನೆ. ನಿನ್ ಗಂಡಂಗೆ ಹಿಡ್ದೂ ಹಿಡ್ದೂ ಕೈಯೇ ನಡುಗ್ತೈತೆ. ಗಾಡಿ ಯಾವ್ದು, ಕೈ ಯಾವ್ದು ಅವ್ನಿಗೇ ತಿಳೀತಿಲ್ಲ.”

ಲೋಟದ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಚಾಚಾ ಆ ಕೈಯ ನಡುಕವನ್ನು ಟೀ ಅಂಗಡಿಯಲ್ಲೇ ನೋಡಿದ್ದರಂತೆ.

ಮಾರನೆಯ ದಿನ ಹೊರಟೆವು. ಯಜಮಾನರು ಸ್ಟೇರಿಂಗ್ ಹಿಡಿದಿದ್ದರು. ನಾನು ಪಕ್ಕದಲ್ಲಿ, ತೊಡೆಯ ಮೇಲೆ ಬಾಯಿಮಟ್ಟ ನೀರು ತುಂಬಿದ ಹಿತ್ತಾಳೆ ಚೆಂಬು. ಚಾಚಾ ಹಿಂದೆ, ಗಾಡಿಯ ತೊಟ್ಟಿಯಲ್ಲಿ ಗೋಣಿಚೀಲ ಹಾಸಿಕೊಂಡು ಒರಗಿ ಮಲಗಿದ್ದರು, ಸ್ಕ್ರೂಡ್ರೈವರಿನ ತುದಿ ತಗಡಿಗೆ, ಹಿಡಿ ದವಡೆಗೆ. ಟ್ರೈಲರ್ ಅದರ ಹಿಂದೆ. ಚೆಂಬಿನ ನೀರು ನಡುಗಿದರೆ ನಾನು ಹಿಂದಿನ ಗಾಜಿಗೆ ಕೈ ತೋರಿಸಬೇಕು, ನಿಂತರೆ ಇಳಿಸಬೇಕು. ಅವರು ತಗಡಿಗೆ ಒಂದು ಏಟು ಹೊಡೆದರೆ ಯಜಮಾನರು ಎಕ್ಸಲೇಟರ್ ಒತ್ತಬೇಕು, ಎರಡು ಹೊಡೆದರೆ ಕಾಲು ತೆಗೆಯಬೇಕು. “ನಾನ್ ಕೇಳ್ತೀನಿ, ತಾಯಿ ನೋಡ್ತಾರೆ, ನೀನು ಬಾಯ್ ಮುಚ್ಕೊಂಡು ಓಡ್ಸು” ಎಂದು ಆಜ್ಞೆಯಾಗಿತ್ತು.

ರಾಮನಗರ ದಾಟಿ ಮಾಗಡಿ ರಸ್ತೆಯ ಏರು ಸಿಕ್ಕಿತು. ಒಂದು ಏಟು. ಗಾಡಿ ಎಳೆಯಿತು, ಚೆಂಬಿನ ನೀರಿನ ಮೇಲೆ ಸಣ್ಣ ಸಣ್ಣ ಬಳೆಗಳೆದ್ದವು. ಕೈ ಎತ್ತಿದೆ. ಎರಡು ಏಟು. ಯಜಮಾನರು ಕಾಲು ತೆಗೆದರು. ಗಾಡಿಯ ವೇಗ ಇನ್ನೂ ಅಷ್ಟೇ ಇದೆ, ನೀರು ಮಾತ್ರ ಸುಮ್ಮನಾಯಿತು. ಕೈ ಇಳಿಸಿದೆ. ಮತ್ತೆ ಒತ್ತು, ಮತ್ತೆ ಬಿಡು. ಪ್ರತಿ ಸಲವೂ ಹಾಗೆಯೇ. ಬಾಯಲ್ಲಿ ಶಿವನಾಮ, ಕಣ್ಣು ಚೆಂಬಿನಲ್ಲಿ. ಅಷ್ಟು ಏಕಾಗ್ರತೆಯಿಂದ ನಾನು ಪೂಜೆಯನ್ನೂ ಮಾಡಿದವಳಲ್ಲ.

ಒಂದು ಟೀ ಅಂಗಡಿಯ ಹತ್ತಿರ ನಿಲ್ಲಿಸಿದಾಗ ಬೈಕಿನಲ್ಲಿ ಬಂದ ಒಬ್ಬ, ಹಿಂದೆ ಕಣ್ಣು ಮುಚ್ಚಿ ಮಲಗಿದ್ದ ಚಾಚಾನನ್ನು ಕಂಡು ಗಾಬರಿಯಾಗಿ ಕೇಳಿದ: “ಏನಣ್ಣಾ, ಆಸ್ಪತ್ರೆಗಾ?” ಆಮೇಲೆ ನನ್ನ ಕೈಯ ಚೆಂಬು ನೋಡಿ ಲೊಚಗುಟ್ಟಿದ: “ಓ, ಬಾಯಿಗೆ ನೀರು ಬುಡೋ ಸ್ಥಿತಿಗೆ ಬಂದೈತಾ?”

ಚಾಚಾ ಧಡಕ್ಕನೆ ಎದ್ದು ಕೂತರು. “ಇನ್ನೂ ಇದೀನಿ ಕಣ್ಲಾ! ಹೋಗು, ನಿನ್ ಬೈಕಿನ ಚೈನ್ ಅಳ್ತಾ ಐತೆ, ಎಣ್ಣೆ ಹಾಕು!”

ಅವನು ಬೈಕು ಸಮೇತ ಬೀಳುವುದರಲ್ಲಿದ್ದ. ಎಷ್ಟೋ ದಿನಗಳ ಮೇಲೆ ಯಜಮಾನರು ನಕ್ಕದ್ದು ನೋಡಿದೆ. ಶಿವಾ, ನಿನ್ನ ದಯೆ.

ಅಲ್ಲಿ ಟ್ರೈಲರ್ ಬಿಚ್ಚಿಸಿದರು. ರಸ್ತೆ ಕೆಲಸಕ್ಕೆ ರಾಶಿ ಹಾಕಿದ್ದ ಸೈಜುಗಲ್ಲುಗಳನ್ನು, ಟೀ ಅಂಗಡಿಯವನಿಗೆ ಹೇಳಿ, ಗಾಡಿಯ ತೊಟ್ಟಿಯ ತೀರ ಹಿಂಬದಿಗೆ ತುಂಬಿಸಿದರು. ಟ್ರೈಲರ್ ಇಲ್ಲ, ಆದರೆ ಅದು ಒತ್ತುವಷ್ಟೇ ಭಾರ ಹಿಂದೆ ಇದೆ. ಮತ್ತೆ ಅದೇ ಏರು. ಒಂದು ಏಟು. ಚೆಂಬಿನಲ್ಲಿ ಮತ್ತೆ ಬಳೆಗಳು.

ಟ್ರೈಲರಿನ ತಪ್ಪಲ್ಲ ಎಂದು ನನಗೂ ಅರ್ಥವಾಯಿತು. ಗಾಡಿಯ ಹಿಂಭಾಗ ತಗ್ಗಿ, ಎಂಜಿನ್ನು ಎಳೆಯುವಾಗ ಮಾತ್ರ ಯಾವುದೋ ಒಂದು ನಡುಗುತ್ತದೆ. ಚಾಚಾ ಗೆದ್ದವರ ಹಾಗೆ ಕುಣಿಯುತ್ತಾರೆ ಎಂದುಕೊಂಡೆ. ಕುಣಿಯಲಿಲ್ಲ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. “ಕಲ್ಲು ವಾಪಸ್ ಹಾಕಿ, ಎಲ್ಲಿತ್ತೋ ಅಲ್ಲೇ” ಎಂದರು.

ಮರುದಿನ ಅವರೆಬೇಳೆ ಸಾರಿನ ಡಬ್ಬಿ ಹಿಡಿದು ನಾನೂ ಹೋದೆ. ಅವರೆಯ ಕಾಲ ಮುಗಿಯುತ್ತಿತ್ತು, ಆ ವರ್ಷದ ಕೊನೆಯ ಸಾರು. ಚಾಚಾ ಗಾಡಿಯ ಕೆಳಗಿದ್ದರು. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಉದ್ದನೆಯ ಕೊಳವೆ ಇರುತ್ತದಲ್ಲ, ಶಾಫ್ಟು, ಅದರ ಕೆಳಗೆ ಅಂಗಾತ ಮಲಗಿ ಉಗುರಿನಿಂದ ಏನನ್ನೋ ಕೆರೆಯುತ್ತಿದ್ದರು. ಬಹಳ ಹೊತ್ತು ಕೆರೆದರು. ಕೆರೆಯುವುದು ನಿಂತ ಮೇಲೂ ಈಚೆಗೆ ಬರಲಿಲ್ಲ. ಬರಿಯ ಪಾದಗಳೆರಡು ಕಾಣುತ್ತಿದ್ದವು.

ಈಚೆಗೆ ಬಂದವರು, ಟೆಂಪೋದವನೂ ಇನ್ನಿಬ್ಬರು ಗಿರಾಕಿಗಳೂ ನಿಂತಿರುವಾಗಲೇ, ಯಜಮಾನರನ್ನು ಕೂಗಿದರು.

“ಬಾರ್ಲಾ ಇಲ್ಲಿ. ಬಗ್ಗಿ ನೋಡು. ಶಾಫ್ಟು ಎರಡು ತುಂಡು, ಎರಡ್ರ ಮೇಲೂ ಒಂದೊಂದು ಬಾಣದ ಗುರ್ತು. ಎರಡೂ ಎದ್ರುಬದ್ರು ನೋಡ್ಬೇಕು. ಒಂದು ಹಿಂಗ್ ನೋಡ್ತೈತೆ, ಒಂದು ಅಂಗ್ ನೋಡ್ತೈತೆ. ಆಯುಧ ಪೂಜೇಲಿ ಇದ್ರ ಗೆಣ್ಣಿನ ಕ್ರಾಸ್ ಬದಲಾಯ್ಸಿ ಸೇರ್ಸಿದ್ದು ನಾನು. ತಪ್ಪಾಗಿ ಸೇರ್ಸಿದೀನಿ.”

ಆಯುಧ ಪೂಜೆಗೆಂದು ಯಜಮಾನರು ಗಾಡಿಯ ಅಡಿಯನ್ನೆಲ್ಲ ತೊಳೆಸಿ ಕಪ್ಪು ಬಣ್ಣ ಹೊಡೆಸಿದ್ದರು. ನಮ್ಮ ಕಡೆ ಎಲ್ಲರೂ ಹಾಗೆಯೇ, ಪೂಜೆಯ ದಿನ ಗಾಡಿ ಮದುವಣಗಿತ್ತಿಯ ಹಾಗೆ ಇರಬೇಕು. ಚಾಚಾ ಶಾಫ್ಟು ಸೇರಿಸುವ ಹೊತ್ತಿಗೇ ಆ ಬಣ್ಣದಡಿ ಬಾಣಗಳು ಮುಚ್ಚಿಹೋಗಿದ್ದವು. ಖಾಲಿ ಗಾಡಿಯಲ್ಲಿ ಆ ತಪ್ಪು ಬಾಯಿ ಬಿಟ್ಟಿರಲಿಲ್ಲ. ಹೊಸ ಜನರೇಟರಿನ ಭಾರ ಬಿದ್ದು ಹಿಂಭಾಗ ತಗ್ಗಿದ ಮೇಲೆ ಶುರುವಾಗಿತ್ತು. ಆ ನಡುಕಕ್ಕೆ ಶಾಫ್ಟನ್ನು ನಡುವೆ ಹಿಡಿದಿಡುವ ರಬ್ಬರು ಹರಿದಿತ್ತು, ಮುಂದಿನ ಗೆಣ್ಣನ್ನು ಜೋಡಿಸುವ ಕ್ರಾಸು ಒಣಗಿ ಕೆಂಪು ತುಕ್ಕಿನ ಪುಡಿ ಉದುರುತ್ತಿತ್ತು.

“ಇಳಿಜಾರ್ನಾಗೆ ಇದ್ರ ಮುಂದಿನ ತುದಿ ಕಳಚಿ ರಸ್ತೆಗೆ ಊರ್ಕಂಡಿದ್ರೆ,” ಎಂದರು ಚಾಚಾ, “ಕೋಲೂರಿ ಎಗರ್ದಂಗೆ ಗಾಡಿ ಎಗರ್ತಿತ್ತು. ಹಿಂದೆ ಜನರೇಟ್ರು ಬೇರೆ.”

ನಾನು ಹುಣಸೆ ಮರ ಹಿಡಿದುಕೊಂಡೆ.

ಟೆಂಪೋದವನು ಸಮಾಧಾನಕ್ಕೆ ಹೇಳಿದ: “ಬಣ್ಣ ಬಳ್ದಿದ್ರೆ ನೀನೇನ್ ಮಾಡ್ತೀಯ, ಬುಡು ಚಾಚಾ.”

“ಕೆರೆಯಾಕೆ ಅವತ್ತು ಉಗುರಿರ್ಲಿಲ್ವಾ ನಂಗೆ? ಪೂಜೆಗೆ ಹೊತ್ತಾಯ್ತು ಅಂತ ಎಲ್ಲಾರೂ ಬಾಗ್ಲಲ್ಲೇ ನಿಂತಿದ್ರಿ. ಬೇಗ ಅಂದ್ರಿ. ಜನ್ಮದಲ್ಲಿ ಒಂದ್ಸಲ ನಾನೂ ಬೇಗ ಅಂದೆ.” ಆಮೇಲೆ, ಯಾರೂ ಕೇಳದಿದ್ದರೂ, “ಇನ್ನೊಂದ್ ಮಾತು. ನಂಗೆ ಕಿವಿ ಕೇಳಕಿಲ್ಲ. ಬಲಗಡೇದು ಪೂರ್ತಿ ಹೋಗೈತೆ. ಗೊತ್ತಿದ್ದು ತರೋರು ಗಾಡಿ ತನ್ನಿ” ಎಂದರು.

ನಾನು ಕಾಪಾಡಿಕೊಂಡಿದ್ದ ಮಾತನ್ನು ಅವರೇ ಬಯಲಿಗಿಟ್ಟರು. ಬಣ್ಣದ ಕೆಳಗಿನ ಬಾಣ ಅವರೊಬ್ಬರಿಗೇ ಕಂಡದ್ದು. ಸದ್ದಿಲ್ಲದೆ ತಿರುಗಿಸಿ ಕೂರಿಸಿ, ರಬ್ಬರು ಹೋಗಿತ್ತು, ಹೊಸದು ಹಾಕಿದೆ ಎಂದಿದ್ದರೆ ನಾವು ಕೈಮುಗಿದು ಬರುತ್ತಿದ್ದೆವು.

ಯಜಮಾನರ ಮುಖ ಕೆಂಪಾಗಿತ್ತು. ಹೋಗಿ ಮರದ ಬುಡದಲ್ಲಿ ಬೆನ್ನು ತಿರುಗಿಸಿ ಕೂತರು. ಎದ್ದು ಹೊರಟೇಬಿಡುತ್ತಾರೆ, ಇನ್ನು ಈ ಶೆಡ್ಡಿಗೆ ಕಾಲಿಡುವುದಿಲ್ಲ ಎಂದುಕೊಂಡೆ. ಚಾಚಾ ಒಬ್ಬರೇ ಮತ್ತೆ ಗಾಡಿಯ ಕೆಳಗೆ ಹೋಗಿ ಶಾಫ್ಟು ಬಿಚ್ಚತೊಡಗಿದರು. ಭಾರದ ವಸ್ತು. ಒಂದು ತುದಿ ಕಳಚಿದಾಗ ಅವರ ತೋಳು ನಡುಗುವುದು ಕಾಣಿಸಿತು. ಯಜಮಾನರು ಎದ್ದರು. ಪಂಚೆ ಮೇಲೆತ್ತಿ ಕಟ್ಟಿ, ಗಾಡಿಯ ಕೆಳಗೆ ನುಗ್ಗಿ, ಇನ್ನೊಂದು ತುದಿ ಹಿಡಿದುಕೊಂಡರು. ನಾನು ಡಬ್ಬಿಯನ್ನು ಕಲ್ಲಿನ ಮೇಲಿಟ್ಟು ಮನೆಗೆ ಬಂದೆ. ಡಬ್ಬಿ ಸಂಜೆ ಬಂತು, ಒಳಗೆ ಎರಡು ಬಾಳೆಹಣ್ಣಿದ್ದವು.

ಶಾಫ್ಟು ಸೇರಿಸುವ ಮೊದಲು ಚಾಚಾ ಬಾಣಗಳೆರಡನ್ನೂ ಅರದಿಂದ ಆಳವಾಗಿ ಕೊರೆದು, ಕಬ್ಬಿಣ ಬಿಸಿ ಮಾಡಿ, ಬೊಂಬೆಗೆ ಹಚ್ಚುವ ಕೆಂಪು ಅರಗಿನ ಕಡ್ಡಿಯನ್ನು ಒತ್ತಿ ತುಂಬಿದ್ದರಂತೆ. ಮೇಲೆ ಗುಬುಟಾಗಿ ಎದ್ದು ನಿಲ್ಲುವ ಹಾಗೆ. “ಇನ್ಮೇಲೆ ಎಷ್ಟ್ ಬಣ್ಣ ಬಳ್ಕಂತೀಯೋ ಬಳ್ಕ. ಬೆರಳಿಟ್ರೆ ಸಿಗ್ತದೆ” ಎಂದರಂತೆ.

ಆಮೇಲೆ ಶೆಡ್ಡಿಗೆ ಬರುವ ಗಾಡಿ ಕಡಿಮೆಯಾದವು. ಅವರು ಹೆದರಿದ್ದೇ ಆಯಿತು. ಕೆಲವರು ಬಿಡದೆ ಬಂದರು, ನಮ್ಮ ಯಜಮಾನರು, ಆ ಟೆಂಪೋದವನು. ಬಡಾಯಿ ಮಾತ್ರ ಕಡಿಮೆಯಾಗಲಿಲ್ಲ. “ಈ ತಾಲೂಕ್ನಾಗೆ ನನ್ನಷ್ಟು ದೊಡ್ಡ ತಪ್ಪು ಮಾಡಿ ನನ್ನಷ್ಟು ಬೇಗ ಹಿಡ್ದೋನು ಇಲ್ಲ ಕಣ್ಲಾ” ಎಂದು ಹೊಸ ಬಡಾಯಿ ಕಲಿತರು. ಆಮೇಲೆ ಬೇಗ ಅನ್ನುವ ಮಾತು ಅವರ ಬಾಯಲ್ಲಿ ಬಂದದ್ದು ಅದೊಂದಕ್ಕೇ.

ಅವರೆಯ ಕಾಲ ಮತ್ತೆ ಬರುವ ಮೊದಲೇ ಹೋಗಿಬಿಟ್ಟರು. ಜ್ವರ ಎಂದು ಮಲಗಿದವರು ಏಳಲಿಲ್ಲ. ಸುದ್ದಿ ಬಂದಾಗ ಯಜಮಾನರು ಕನಕಪುರದ ಛತ್ರದಲ್ಲಿದ್ದರು. ಕಾರ್ಯ ಮುಗಿಸಿ, ಟ್ರೈಲರನ್ನೂ ಬಿಚ್ಚದೆ, ಜನರೇಟರ್ ಎಳೆದುಕೊಂಡೇ ನೇರ ಅವರ ಕಬರಸ್ತಾನದ ಬಾಗಿಲಿಗೆ ಬಂದು, ಮಣ್ಣು ಹಾಕಿ ಬಂದರು. ನಾನು ಹೋಗುವ ಹಾಗಿರಲಿಲ್ಲ. ಚೆಂಬು ಹಿಡಿದು ಕೂತವಳಿಗೆ ಕೊನೆಗೆ ಬಾಯಿಗೆ ನೀರು ಬಿಡುವ ಭಾಗ್ಯ ಸಿಗಲಿಲ್ಲ.

ಸೋಮವಾರ ಈಶ್ವರನ ಗುಡಿಗೆ ಹೋಗಿ ಅರ್ಚನೆ ಮಾಡಿಸಿದೆ. ಪೂಜಾರಪ್ಪನವರು “ಯಾರ ಹೆಸರಿಗಮ್ಮ?” ಎಂದರು. ಇಷ್ಟು ವರ್ಷದಲ್ಲಿ ನಾನು ಅವರ ಹೆಸರು ಕೇಳಿಯೇ ಇರಲಿಲ್ಲ. “ಚಾಚಾ ಅಂತ ಮಾಡಿ ಸ್ವಾಮಿ” ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಆಮೇಲೆ ಹಾಗೆಯೇ ಮಾಡಿದರು. ಅವರ ಬೈಕೂ ಆ ಶೆಡ್ಡಿಗೇ ಹೋಗುತ್ತಿತ್ತು.

ಈಗಲೂ ಆಯುಧ ಪೂಜೆಗೆ ಗಾಡಿಯ ಅಡಿಗೆ ಕಪ್ಪು ಬಣ್ಣ ಬೀಳುತ್ತದೆ. ಟೈರಿನ ಕೆಳಗೆ ನಿಂಬೆಹಣ್ಣು ಇಡುವ ಮೊದಲು ಯಜಮಾನರು ಹೊಸ ಪಂಚೆಯಲ್ಲೇ ಕೆಳಗೆ ನುಗ್ಗಿ, ಬೆರಳಿನಿಂದ ತಡಕಿ, ಆ ಎರಡು ಗುಬುಟನ್ನು ಮುಟ್ಟಿ ಬರುತ್ತಾರೆ. ಬಂದು “ಐತೆ” ಎನ್ನುತ್ತಾರೆ. ಆಮೇಲೆ ನಾನು ಆರತಿ ಎತ್ತುತ್ತೇನೆ.

ದಣಿವೇನೂ ಹೋಗಿಲ್ಲ. ಮೊಣಕಾಲು ಹಾಗೆಯೇ ಇದೆ, ಗಾಡಿಯ ಸದ್ದಿಗೆ ಕಿವಿಗೊಡುವ ಚಾಳಿಯೂ ಹಾಗೆಯೇ ಇದೆ. ಅವರು ಬರುತ್ತಾರೆ, ಕೈಕಾಲು ತೊಳೆಯುತ್ತಾರೆ, ನಾನು ನೀರು ಕೊಡುತ್ತೇನೆ. ಕೊಟ್ಟವಳು ಅವರ ಮುಖ ನೋಡುವುದಿಲ್ಲ, ಲೋಟ ನೋಡುತ್ತೇನೆ. ನೀರು ಸುಮ್ಮನಿರುತ್ತದೆ.